ಊರು ಒಂದೇ, ಕಿಂಡಿ ಹಲವು

ಉಡುಪಿಯಲ್ಲಿ ಕೃಷ್ಣನ ದರ್ಶನ ಎಂದರೆ ನವಗ್ರಹ ಕಿಂಡಿಯ ಒಂಬತ್ತು ತೂತುಗಳಿಗೆ ಕಣ್ಣು ಕೊಟ್ಟು ನೋಡುವುದು. ಹೊರಗೆ ಪಶ್ಚಿಮದ ಗೋಡೆಯಲ್ಲಿ ಕನಕನ ಕಿಂಡಿ ಬೇರೆ ಇದೆ. ಒಳಗಿರುವ ದೇವರು ಒಬ್ಬನೇ, ಕಾಣುವ ಬಗೆ ಮಾತ್ರ ಬೇರೆ. ಈಗ ಎಲ್ಲರ ಕಿಸೆಯಲ್ಲೂ ಇರುವ ಇನ್ನೊಂದು ಉಡುಪಿಯ ಸಂಗತಿಯೂ ಹೀಗೇ. ಫೋನಿನೊಳಗೆ ಒಂದು ರಥಬೀದಿ ಇದೆ, ಮಣಿಪಾಲದ ಟೈಗರ್ ಸರ್ಕಲ್ ಇದೆ, ಕಾಪುವಿನ ದೀಪಸ್ತಂಭ ಇದೆ, ಕಾರ್ಕಳದ ಗೊಮ್ಮಟಬೆಟ್ಟ ಇದೆ. ಆ ಊರನ್ನು ಕಟ್ಟಿದವರು ಯಾರು ಎಂದು ಒಂದಿಷ್ಟು ಜನರಾದರೂ ಕೇಳುತ್ತಾರೆ. ನಾವು ಅದನ್ನು ಯಾರ ಕಿಂಡಿಯಿಂದ ನೋಡುತ್ತಿದ್ದೇವೆ ಎಂದು ಕೇಳುವವರು ಕಡಿಮೆ. ಈ ಲೇಖನ ಆ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದ್ದು.

ಕಿಂಡಿ ಅಂದರೆ ಇಲ್ಲಿ ವ್ಯೂವರ್. ಲೋಕದ ಮಾಹಿತಿಯೆಲ್ಲ ದೂರದ ಸರ್ವರಿನಲ್ಲಿರುತ್ತದೆ, ಅದನ್ನು ತಂದು ತೆರೆಯ ಮೇಲೆ ಬಿಡಿಸಿ ತೋರಿಸುವ ತಂತ್ರಾಂಶ ನಮ್ಮ ಕೈಯಲ್ಲಿರುತ್ತದೆ. ಲೋಕ ಕಟ್ಟಿದವರೇ ವ್ಯೂವರನ್ನೂ ಕೊಡುವುದು ವಾಡಿಕೆ. ಆದರೆ ಅವರಿಗೆ ಸಂಬಂಧವಿಲ್ಲದ ಹೊರಗಿನವರು ಅದೇ ಲೋಕಕ್ಕೆ ತಮ್ಮದೇ ವ್ಯೂವರ್ ಮಾಡಿದಾಗ ಏನಾಗುತ್ತದೆ? ಈ ಚರ್ಚೆ ಜೋರಾಗಿ ನಡೆದದ್ದು ನಕ್ಷೆಗಳ ವಿಷಯದಲ್ಲಿ ಅಲ್ಲ, ಸೆಕೆಂಡ್ ಲೈಫ್ ಎಂಬ ಕಲ್ಪಿತ ಜಗತ್ತಿನಲ್ಲಿ. ಅಲ್ಲಿಂದ ಶುರು ಮಾಡಿದರೆ ನಮ್ಮ ಊರಿನ ವಿಷಯ ಚೆನ್ನಾಗಿ ಅರ್ಥವಾಗುತ್ತದೆ.

ಸೆಕೆಂಡ್ ಲೈಫನ್ನು ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ 2003ರಲ್ಲಿ ತೆರೆಯಿತು. ಜನ ಅಲ್ಲಿ ಜಾಗ ಕೊಂಡರು, ಮನೆ ಕಟ್ಟಿದರು, ಅಂಗಡಿ ಇಟ್ಟರು. 2007ರ ಜನವರಿಯಲ್ಲಿ ಕಂಪನಿ ತನ್ನ ವ್ಯೂವರಿನ ಮೂಲಸಂಕೇತವನ್ನು ಬಹಿರಂಗ ಮಾಡಿತು. ಲೋಕ ತನ್ನದೇ, ಕಿಂಡಿ ಯಾರು ಬೇಕಾದರೂ ಕೊರೆಯಲಿ ಎಂಬ ಧಾರಾಳ. ಕೊರೆದವರೂ ಬಹಳ ಮಂದಿ. ಕೆಲವರು ಹಳೆಯ ಕಂಪ್ಯೂಟರಿಗೆ ಹೊಂದುವಂತೆ ಮಾಡಿದರು, ಕೆಲವರು ಫೋಟೋ ತೆಗೆಯುವವರಿಗಾಗಿ, ರೇಡಿಗಾಸ್ಟ್ ಎಂಬುದು ಚಿತ್ರದ ಗೊಡವೆ ಬೇಡ, ಮಾತುಕತೆ ಸಾಕು ಎನ್ನುವವರಿಗಾಗಿ. 2010ರಲ್ಲಿ ಕಂಪನಿಯೇ ವ್ಯೂವರ್ 2 ಎಂಬ ಹೊಸ ವಿನ್ಯಾಸ ತಂದಾಗ ಹಳಬರಿಗೆ ಅದು ಹಿಡಿಸಲಿಲ್ಲ, ಹೊರಗಿನವರ ವ್ಯೂವರುಗಳಿಗೆ ಜನ ಗುಳೆ ಹೋದರು. ಅದೇ ವರ್ಷದ ಆರಂಭದಲ್ಲಿ ಹೊರಗಿನ ವ್ಯೂವರುಗಳಿಗೆಂದೇ ಕಂಪನಿ ಒಂದು ನಿಯಮಾವಳಿ ಮಾಡಿತ್ತು. ಆಗಸ್ಟಿನಲ್ಲಿ ಅದರ ಅಗತ್ಯ ಏನೆಂದು ಎಲ್ಲರಿಗೂ ಗೊತ್ತಾಯಿತು. ಆಗ ಬಹಳ ಜನಪ್ರಿಯವಾಗಿದ್ದ ಎಮರಾಲ್ಡ್ ವ್ಯೂವರಿನ ಲಾಗಿನ್ ಪುಟ, ಬಳಸುವವರ ಅರಿವಿಗೇ ಬಾರದಂತೆ, ಅದರ ತಂಡವನ್ನು ಟೀಕಿಸುತ್ತಿದ್ದವರ ಜಾಲತಾಣವನ್ನು ಮತ್ತೆ ಮತ್ತೆ ತೆರೆದು ಅದಕ್ಕೆ ಹೊರೆ ಹೇರುತ್ತಿತ್ತು. ಎಮರಾಲ್ಡನ್ನು ಹೊರಗೆ ಹಾಕಿದರು. ಅದರಿಂದ ಸಿಡಿದು ಬಂದವರ ಫೀನಿಕ್ಸ್, ಆಮೇಲೆ ಫೈರ್‌ಸ್ಟಾರ್ಮ್ ಬೆಳೆದವು. ಕಂಪನಿಯ ಸ್ವಂತ ವ್ಯೂವರ್ ಇದ್ದರೂ ಫೈರ್‌ಸ್ಟಾರ್ಮ್ ಬಿಟ್ಟು ಬರಲೊಲ್ಲದ ಹಳಬರು ಇವತ್ತಿಗೂ ಲೆಕ್ಕವಿಲ್ಲದಷ್ಟು.

2012ರಲ್ಲಿ ಇನ್ನೊಂದು ನಿಯಮ ಬಂತು: ಎಲ್ಲರೂ ಒಟ್ಟಾಗಿ ಅನುಭವಿಸುವ ಲೋಕವನ್ನು ಯಾವ ವ್ಯೂವರೂ ತನ್ನ ಬಳಕೆದಾರರಿಗೆ ಮಾತ್ರ ಬೇರೆಯಾಗಿ ಕಾಣುವಂತೆ ಮಾಡಕೂಡದು. ಅಂದರೆ ಕಿಂಡಿಯ ಗಾಜು ಯಾವ ಬಣ್ಣದ್ದಾದರೂ ಇರಲಿ, ಒಳಗಿನ ವಿಗ್ರಹ ಬದಲಾಗಬಾರದು. ನಕ್ಷೆಯ ಲೋಕದಲ್ಲಿ ಈ ನಿಯಮವನ್ನು ಯಾರೂ ಬರೆದಿಲ್ಲ. ಬರೆಯಬೇಕಿತ್ತು ಅನ್ನುವುದಕ್ಕೆ ಕಾರಣಗಳು ಮುಂದೆ ಬರುತ್ತವೆ.

ಕಿಂಡಿ ಕೊರೆಯುವ ಇಂಥ ವಿದ್ಯೆ ಉಡುಪಿಗೆ ಪರಕೀಯವೇನಲ್ಲ. ಮ್ಯಾಕ್ ಕಂಪ್ಯೂಟರಿನ ತಂತ್ರಾಂಶ ಬರೆಯುತ್ತ 1996ರಲ್ಲಿ ಶುರುವಾದ ರೋಬೋಸಾಫ್ಟ್ ಇಲ್ಲಿಯದು, ಪರರ ಲೋಕಕ್ಕೆ ಕಿಂಡಿ ಮಾಡಿಕೊಡುವುದೇ ಅದರ ಕಸುಬು. ಅದೇ ಬೇರಿನಿಂದ 2008ರಲ್ಲಿ ಹುಟ್ಟಿದ 99ಗೇಮ್ಸ್ ಫೋನಿನ ಆಟಗಳನ್ನು ಮಾಡಿತು. 2014ರ ಸ್ಟಾರ್ ಶೆಫ್ ಆಟದಲ್ಲಿ ಜಗತ್ತಿನ ಮೂಲೆಮೂಲೆಯ ಜನ ಕೂತು ಕಲ್ಪಿತ ಹೋಟೆಲು ನಡೆಸಿದರು. ಹೋಟೆಲಿನ ಆಟ ಉಡುಪಿಯಿಂದಲೇ ಹೊರಟಿದ್ದರಲ್ಲಿ ಆಶ್ಚರ್ಯ ಪಡಬೇಕಾದ್ದು ಏನೂ ಇಲ್ಲ.

ಇನ್ನು ನಮ್ಮ ಊರಿನ ನಕಲಿಗೆ ಬರೋಣ. ಅಂತರ್ಜಾಲದಲ್ಲಿರುವ ಉಡುಪಿಗಳಲ್ಲಿ ಇಲ್ಲಿ ಎರಡನ್ನು ನೋಡೋಣ. ಒಂದು ಗೂಗಲ್‌ನದು. ಇನ್ನೊಂದು 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. ಗೂಗಲ್‌ನ ಉಡುಪಿ ಗೂಗಲ್‌ನ ಸ್ವತ್ತು, ನೋಡಲು ಗೂಗಲ್‌ನದೇ ಕಿಂಡಿ. ಬೇರೆ ಆ್ಯಪ್‌ಗಳೊಳಗೆ ಗೂಗಲ್ ನಕ್ಷೆ ಕಂಡರೂ ಅದು ಗೂಗಲ್ ಹಾಕಿದ ಷರತ್ತಿಗೆ, ಗೂಗಲ್ ಹೇಳಿದ ದರಕ್ಕೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಉಡುಪಿಯನ್ನು ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. 2012ರಿಂದ ಅದಕ್ಕಿರುವ ಪರವಾನಗಿಯ ಸಾರ ಇಷ್ಟು: ಬಳಸಿ, ಎಲ್ಲಿಂದ ತಂದಿರೆಂದು ಹೇಳಿ, ಮಾಹಿತಿಯನ್ನು ತಿದ್ದಿ ಬೆಳೆಸಿ ಹಂಚಿದರೆ ಅದನ್ನೂ ಇದೇ ಷರತ್ತಿಗೆ ಬಿಟ್ಟುಕೊಡಿ. ಹಾಗಾಗಿ ಅದಕ್ಕೆ ವ್ಯೂವರುಗಳು ಹತ್ತಾರು. ಹೊರಗಿನವರ ವ್ಯೂವರ್ ಎಂಬ ಮಾತಿಗೆ ಅರ್ಥ ಇರುವುದೂ ಇಲ್ಲೇ.

ವ್ಯತ್ಯಾಸ ಬರೀ ತತ್ವದ್ದಲ್ಲ ಎಂಬುದಕ್ಕೆ ಒಂದು ಹಳೆಯ ಪ್ರಸಂಗ ಸಾಕು. ಗೂಗಲ್ 2008ರಲ್ಲಿ ಮ್ಯಾಪ್ ಮೇಕರ್ ಎಂಬ ಸೌಲಭ್ಯ ಕೊಟ್ಟಿತು. ಭಾರತದ ರಸ್ತೆ, ಕೆರೆ, ಶಾಲೆ, ಗುಡಿಗಳನ್ನು ಸಾವಿರಾರು ಜನ ತಮ್ಮ ಖುಷಿಗೆ ಗೆರೆ ಎಳೆದು ಹೆಸರು ಬರೆದು ತುಂಬಿಸಿದರು. 2013ರಲ್ಲಿ ಗೂಗಲ್ ಮ್ಯಾಪಥಾನ್ ಎಂಬ ಸ್ಪರ್ಧೆಯನ್ನೇ ಇಟ್ಟಿತು, ಭಾರತೀಯ ಸರ್ವೇಕ್ಷಣಾ ಇಲಾಖೆ ಅದಕ್ಕೆ ತಕರಾರು ತೆಗೆದು ದೂರು ಕೊಟ್ಟಿತು. 2017ರ ಮಾರ್ಚ್ ಕೊನೆಗೆ ಮ್ಯಾಪ್ ಮೇಕರ್ ಮುಚ್ಚಿತು. ಜನ ಬರೆದದ್ದು ಗೂಗಲ್ ನಕ್ಷೆಯೊಳಗೆ ಸೇರಿಹೋಯಿತು, ಬರೆದವರ ಕೈಗೆ ವಾಪಸು ಬರಲಿಲ್ಲ. ಅದೇ ಕೆಲಸವನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಮಾಡಿದ್ದರೆ ಇವತ್ತಿಗೂ ಯಾವ ವ್ಯೂವರಿನಲ್ಲಾದರೂ ತೆರೆಯಬಹುದಿತ್ತು. ಊರಿನ ಶ್ರಮದಾನದಲ್ಲಿ ಖಾಸಗಿ ಜಾಗಕ್ಕೆ ರಸ್ತೆ ಮಾಡಿಕೊಟ್ಟ ಹಾಗಾಯಿತು ಎಂದು ಆಗ ಬಹಳ ಮಂದಿ ಗೊಣಗಿದರು. ಗೊಣಗಿದ್ದರಲ್ಲಿ ತಪ್ಪಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪಿನ ವ್ಯೂವರುಗಳಲ್ಲಿ ಹೆಚ್ಚು ಜನ ಮುಟ್ಟಿ ನೋಡಿರುವ ಮನೆತನ ಮ್ಯಾಪ್ಸ್.ಮಿ. 2011ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಇದು ಇಂಟರ್‌ನೆಟ್ ಇಲ್ಲದೆಯೂ ನಕ್ಷೆ ತೋರಿಸುವುದರಲ್ಲಿ ಪ್ರಸಿದ್ಧಿ ಪಡೆಯಿತು. 2014ರಲ್ಲಿ ರಷ್ಯಾದ ಮೇಲ್.ರು ಕೊಂಡಿತು, 2020ರಲ್ಲಿ ಮತ್ತೆ ಕೈ ಬದಲಾಯಿತು. ಕೈ ಬದಲಾದ ಮೇಲೆ ಬಂದ ಹೊಸ ಆವೃತ್ತಿ ಹಳೆಯ ಬಳಕೆದಾರರಿಗೆ ರುಚಿಸಲಿಲ್ಲ. ಪುಣ್ಯಕ್ಕೆ ನಡುವೆ 2015ರಲ್ಲಿ ಮೂಲಸಂಕೇತ ಬಹಿರಂಗವಾಗಿತ್ತು. ಮೊದಲ ಸ್ಥಾಪಕರೇ ಅದನ್ನೆತ್ತಿಕೊಂಡು ಜಾಹೀರಾತು, ಜಾಡು ಹಿಡಿಯುವಿಕೆ ಎಲ್ಲವನ್ನೂ ಕಿತ್ತುಹಾಕಿ 2021ರಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಮಾಡಿದರು. ಅಲ್ಲಿಗೂ ಕತೆ ಮುಗಿಯಲಿಲ್ಲ. ಆಡಳಿತ ಮತ್ತು ಹಣಕಾಸಿನ ಪಾರದರ್ಶಕತೆಯ ಬಗ್ಗೆ 2025ರಲ್ಲಿ ಕೊಡುಗೆದಾರರ ಒಳಗೇ ಜಗಳವೆದ್ದು, ಒಂದು ಗುಂಪು ಹೊರಬಂದು ಕೋಮ್ಯಾಪ್ಸ್ ಎಂಬ ಇನ್ನೊಂದನ್ನು ಹೊರಡಿಸಿತು. ಯಕ್ಷಗಾನ ಮೇಳಗಳು ಒಡೆದು ಹೊಸ ಮೇಳ ಹೊರಡುವುದನ್ನು ಕಂಡ ನಮಗೆ ಇದರಲ್ಲಿ ಹೊಸತೇನಿದೆ! ಆದರೆ ಗಮನಿಸಬೇಕಾದ ಮಾತೊಂದಿದೆ: ಕಿಂಡಿಯವರು ಇಷ್ಟೆಲ್ಲ ಕಿತ್ತಾಡಿದರೂ ಒಳಗಿನ ಉಡುಪಿಗೆ ಒಂದು ಗೆರೆಯಷ್ಟೂ ಧಕ್ಕೆಯಾಗಲಿಲ್ಲ.

ಬಳಕೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಕೋಮ್ಯಾಪ್ಸ್ ಸದ್ಯ ಹೆಚ್ಚುಕಡಿಮೆ ಅವಳಿಗಳು. ಕಡಿಮೆ ಬೆಲೆಯ ಫೋನಿನಲ್ಲೂ ಚುರುಕಾಗಿ ಓಡುತ್ತವೆ, ಬ್ಯಾಟರಿ ತಿನ್ನುವುದಿಲ್ಲ, ಮನೆಯಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಂಡು ಹೊರಟರೆ ಸಿಗ್ನಲ್ ಇಲ್ಲದಲ್ಲೂ ದಾರಿ ಹೇಳುತ್ತವೆ. ಕಾರ್ಕಳ ದಾಟಿ ಮಾಳದ ಕಡೆಯಿಂದ ಕುದುರೆಮುಖದ ಕಾಡು ಹತ್ತುವವರಿಗೆ ಈ ಗುಣ ಒಂದೇ ಸಾಕು. ಅಷ್ಟು ಸರಳ ಇಲ್ಲದ್ದು ಓಸ್ಮ್‌ಆ್ಯಂಡ್. 2010ರಿಂದ ಬೆಳೆಯುತ್ತ ಬಂದ ಇದರಲ್ಲಿ ಏನುಂಟು ಏನಿಲ್ಲ! ಕಾರಿಗೆ, ಸೈಕಲ್ಲಿಗೆ, ಕಾಲ್ನಡಿಗೆಗೆ, ದೋಣಿಗೆ ಬೇರೆಬೇರೆ ವೇಷ; ನಕ್ಷೆಯ ಮೇಲೆ ಯಾವುದು ಕಾಣಬೇಕು, ಯಾವುದು ಬೇಡ ಎಂಬುದಕ್ಕೆ ಪುಟಗಟ್ಟಲೆ ಆಯ್ಕೆ. ಪ್ಲೇ ಸ್ಟೋರಿನ ಉಚಿತ ಆವೃತ್ತಿಯಲ್ಲಿ ಇಳಿಸಿಕೊಳ್ಳಬಹುದಾದ ನಕ್ಷೆಗಳಿಗೆ ಮಿತಿ ಇದೆ, ಮುಕ್ತ ತಂತ್ರಾಂಶಗಳ ತಾಣವಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುವುದಕ್ಕೆ ಆ ಮಿತಿ ಇಲ್ಲ. ಮೊದಲ ಸಲ ತೆರೆದವರು ಐದು ನಿಮಿಷದಲ್ಲಿ ಮುಚ್ಚಿಬಿಡುವಷ್ಟು ಗೋಜಲು ಅದರ ಮೆನು. ಹಟ ಹಿಡಿದು ಕಲಿತವರು ಮತ್ತೆ ಬೇರೆಯದನ್ನು ಮುಟ್ಟುವುದಿಲ್ಲ.

ಚುರುಕು, ಸೌಲಭ್ಯ ಇವೆಲ್ಲ ಎಲ್ಲ ಊರಿನವರಿಗೂ ಸಮಾನ. ನಮಗೆ ಮಾತ್ರ ಬೇಕಾದ ಪರೀಕ್ಷೆ ಬೇರೆ ಇದೆ: ಈ ಕಿಂಡಿಯಲ್ಲಿ ನಮ್ಮ ಊರು ನಮ್ಮ ಅಕ್ಷರದಲ್ಲಿ ಕಾಣುತ್ತದೆಯೇ?

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದು ಜಾಗಕ್ಕೆ ಎಷ್ಟು ಭಾಷೆಯ ಹೆಸರನ್ನಾದರೂ ಕೊಡಬಹುದು. ಕರ್ನಾಟಕದ ಮಟ್ಟಿಗೆ ಮುಖ್ಯ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಇರುತ್ತದೆ, ಕನ್ನಡದ್ದು ಪಕ್ಕದ ಖಾನೆಯಲ್ಲಿ. ಯೋಜನೆಯ ಸ್ವಂತ ಜಾಲತಾಣದ ಮಾಮೂಲಿ ನಕ್ಷೆ ಮುಖ್ಯ ಹೆಸರನ್ನಷ್ಟೇ ತೋರಿಸುತ್ತದೆ. ಹಾಗಾಗಿ ಅಲ್ಲಿ ನೋಡಿ ‘ಕನ್ನಡವೇ ಇಲ್ಲ’ ಎಂದು ಬೇಸರಿಸಿ ಹೋಗುವವರು ಉಂಟು. ಕನ್ನಡ ಇದೆ, ಅದನ್ನು ಹೊರಗೆ ತರುವುದು ಹೊರಗಿನವರ ವ್ಯೂವರುಗಳು. ಓಸ್ಮ್‌ಆ್ಯಂಡ್‌ನಲ್ಲಿ ನಕ್ಷೆಯ ಭಾಷೆಯನ್ನು ಕನ್ನಡ ಎಂದು ಆರಿಸಿಕೊಳ್ಳಬಹುದು. ಆರ್ಗ್ಯಾನಿಕ್ ಮ್ಯಾಪ್ಸಿನ ಒಳಗೆ ಹೆಸರುಗಳನ್ನು ಇಟ್ಟುಕೊಳ್ಳುವ ಭಾಷೆಗಳ ಒಂದು ಸೀಮಿತ ಪಟ್ಟಿ ಇದೆ, ಮ್ಯಾಪ್ಸ್.ಮಿ ಕಾಲದಿಂದ ಬಂದದ್ದು. ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದೆ. ತುಳುವಿಗೆ ಸಿಕ್ಕಿಲ್ಲ.

ಮಾಹಿತಿ ಇದ್ದರೆ ಸಾಲದು, ಅಕ್ಷರ ಸರಿಯಾಗಿ ಮೂಡಬೇಕು. ಕಾರ್ಕಳ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕಂಪ್ಯೂಟರು ಅದನ್ನು ಆರು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ: ಕ, ದೀರ್ಘದ ಚಿಹ್ನೆ, ರ, ಅರ್ಧಾಕ್ಷರದ ಚಿಹ್ನೆ, ಕ, ಳ. ತೆರೆಯ ಮೇಲೆ ಬರುವಾಗ ಮೊದಲಿನ ಕ ಮತ್ತು ದೀರ್ಘ ಒಂದಾಗಬೇಕು, ನಡುವಿನ ರಕಾರ ಅರ್ಕಾವೊತ್ತಾಗಿ ಮಾರ್ಪಟ್ಟು ಮುಂದಿನ ಕ ಅಕ್ಷರದ ಬಲಕ್ಕೆ ಹೋಗಿ ಕೂರಬೇಕು. ಮಲ್ಪೆಯಲ್ಲಿ ಇನ್ನೂ ಸೊಗಸು: ಎತ್ವ ಸೇರಿದ್ದು ಪಕಾರಕ್ಕೆ, ಅದು ಹತ್ತಿ ಕೂರುವುದು ಲಕಾರದ ತಲೆಯ ಮೇಲೆ, ಪಕಾರ ಒತ್ತಾಗಿ ಕೆಳಗಿಳಿಯುತ್ತದೆ. ಉಡುಪಿಯ ಕೊನೆಯ ಅಕ್ಷರದಲ್ಲಿ ತಲೆಕಟ್ಟು ಹೋಗಿ ಗುಡಿಸು ಬರಬೇಕು. ಈ ಅದಲುಬದಲಿನ ಲೆಕ್ಕಾಚಾರ ಮಾಡುವ ತಂತ್ರಾಂಶದ ಭಾಗ ಬೇರೆಯೇ ಇರುತ್ತದೆ, ಹಾರ್ಫ್‌ಬಜ್ ಎಂಬುದು ಅವುಗಳಲ್ಲಿ ಪ್ರಸಿದ್ಧ. ವ್ಯೂವರ್ ಅದನ್ನು ಜೋಡಿಸಿಕೊಳ್ಳದಿದ್ದರೆ ಆರು ಸಂಕೇತಗಳೂ ಆರು ತುಂಡುಗಳಾಗಿ ಸಾಲಾಗಿ ಬಿದ್ದಿರುತ್ತವೆ.

ಜಾಲತಾಣಗಳಲ್ಲಿ ಇವತ್ತು ನಕ್ಷೆ ತೋರಿಸಲು ಬಹಳ ಕಡೆ ಬಳಸುವ ಮ್ಯಾಪ್‌ಲಿಬ್ರೆಯಲ್ಲಿ ಆಗುವುದು ಇದೇ. ಮ್ಯಾಪ್‌ಬಾಕ್ಸ್ ಕಂಪನಿ 2020ರ ಡಿಸೆಂಬರಿನಲ್ಲಿ ತನ್ನ ತಂತ್ರಾಂಶದ ಪರವಾನಗಿ ಬಿಗಿ ಮಾಡಿದಾಗ ಹಳೆಯ ಆವೃತ್ತಿಯಿಂದ ಕವಲೊಡೆದು ಬಂದ ಸಮುದಾಯದ ಕೂಸು ಇದು. ಚೆಂದದ ಕೆಲಸ, ನುಣುಪಾದ ಓಟ. ಆದರೆ ಅದು ಅಕ್ಷರಗಳನ್ನು 256ರ ಕಟ್ಟುಗಳಾಗಿ ಸರ್ವರಿನಿಂದ ತರಿಸಿಕೊಂಡು ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲಿ ಅಂಟಿಸುತ್ತದೆ. ಇಂಗ್ಲಿಷಿಗೆ, ರಷ್ಯನ್ನಿಗೆ ಧಾರಾಳ ಸಾಕು. ಕನ್ನಡ, ದೇವನಾಗರಿ, ಖ್ಮೆರ್, ಬರ್ಮೀಸ್ ಲಿಪಿಗಳಿಗೆ ಸಾಲದು. ಕನ್ನಡದ ಹೆಸರು ಇಟ್ಟುಕೊಂಡೂ ಅದನ್ನು ಒಡೆದು ತೋರಿಸುವ ನಕ್ಷೆಗಿಂತ ಇಂಗ್ಲಿಷೇ ವಾಸಿ ಅನ್ನಿಸಿಬಿಡುವುದು ಇಂಥಲ್ಲೇ. ಹಳೆಯ ಪದ್ಧತಿಯಲ್ಲಿ ಸರ್ವರಿನಲ್ಲೇ ಚಿತ್ರ ಬರೆದು ಕಳಿಸುವ ಮ್ಯಾಪ್‌ನಿಕ್ ಈ ವಿಷಯದಲ್ಲಿ ಗೆಲ್ಲುತ್ತದೆ, ಒತ್ತಕ್ಷರವನ್ನು ಅದು ಸರಿಯಾಗಿಯೇ ಕೂರಿಸುತ್ತದೆ. ಹೊಸತು ಎಲ್ಲದರಲ್ಲೂ ಮುಂದು ಎಂದು ನಂಬುವ ಹಾಗಿಲ್ಲ. ಯಾವ ವ್ಯೂವರ್ ಹಾಕಿಕೊಂಡರೂ ಮೊದಲು ಕಾರ್ಕಳ, ಮಲ್ಪೆ, ಉದ್ಯಾವರ, ಬೆಳ್ಮಣ್ ನಾಲ್ಕನ್ನು ಹುಡುಕಿ ನೋಡಿ. ನಾಲ್ಕೂ ಸರಿ ಬಂದರೆ ಮುಂದುವರಿಯಿರಿ.

ತೆರೆಯ ಮೇಲಿನ ಕನ್ನಡದ ಮಾತು ಬಂದಾಗ ಮಣಿಪಾಲವನ್ನು ನೆನೆಯದೆ ಇರಲಾಗದು. ಕನ್ನಡದ ಧ್ವನಿಗೆ ತಕ್ಕ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅಲ್ಲಿ ನೆಲೆಸಿ ಪಾಠ ಮಾಡಿದವರು. ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಕಾಸು ಕೇಳದೆ ಹಂಚಿದವರು. ಬೆರಳಿಂದ ಒಳಗೆ ಹೋಗುವ ಕನ್ನಡದ ತೊಡಕು ಅಲ್ಲಿಗೆ ಬಹುಮಟ್ಟಿಗೆ ಬಗೆಹರಿಯಿತು. ನಕ್ಷೆಯ ಮೇಲೆ ಹೊರಗೆ ಬರುವ ಕನ್ನಡಕ್ಕೆ ಅಂಥ ಒಬ್ಬರು ಇನ್ನೂ ಸಿಗಬೇಕು.

ತುಳುವಿನದು ಇದಕ್ಕಿಂತ ದೂರದ ದಾರಿ. ಒಡಿಪು, ಕಾರ್ಲ ಎಂಬ ತುಳು ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದು ತುಳುವಿನ ಖಾನೆಗೆ ಹಾಕಲು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಅಡ್ಡಿಯಿಲ್ಲ. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ಸ್ಥಾನ ಸಿಕ್ಕಿತು. ಆ ಸ್ಥಾನ ಆರಂಭವಾಗುವುದು 70,528ನೆಯ ಸಂಖ್ಯೆಯಿಂದ. ಮ್ಯಾಪ್‌ಲಿಬ್ರೆ ಬಳಗದ ಅಕ್ಷರದ ಕಟ್ಟುಗಳು ಮೊದಲಿನಿಂದ ಬಂದದ್ದು 65,535ಕ್ಕೇ ನಿಲ್ಲುವ ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ ನಾಳೆ ಯಾರಾದರೂ ತುಳು ಲಿಪಿಯಲ್ಲಿ ಉಡುಪಿ ಎಂದು ಬರೆದಿಟ್ಟರೂ ಒತ್ತಕ್ಷರ ಒಡೆಯುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಏನೂ ಕಾಣುವುದೇ ಇಲ್ಲ.

ಗೂಗಲ್‌ನವರು ಕನ್ನಡದ ವಿಷಯದಲ್ಲಿ ಹಿಡಿದದ್ದು ಯಂತ್ರದ ದಾರಿ. 2021ರ ಜನವರಿಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಅಂಗಡಿ, ಆಸ್ಪತ್ರೆ, ಬಸ್‌ಸ್ಟಾಪುಗಳ ಇಂಗ್ಲಿಷ್ ಹೆಸರನ್ನು ತಾನಾಗಿ ಲಿಪ್ಯಂತರಿಸುವ ಏರ್ಪಾಡು ಮಾಡಿದರು. ಅಕ್ಷರ ಎಲ್ಲೂ ಒಡೆಯುವುದಿಲ್ಲ, ಅಂದವಾಗಿಯೇ ಮೂಡುತ್ತದೆ. ತೊಂದರೆ ಇರುವುದು ಹೆಸರಿನ ಮೂಲದಲ್ಲಿ. ಕಾಪುವನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತ ಬಂದಿದ್ದಾರೆ. ಕಣ್ಣಿಗೆ ಕಂಡ ಕಾಗುಣಿತ ಹಿಡಿದು ಯಂತ್ರವು ಕೌಪ್ ಎಂದು ಓದಿದರೆ ಅದನ್ನು ಬೈದು ಪ್ರಯೋಜನವಿಲ್ಲ. ಒಬ್ಬ ಮನುಷ್ಯ ಕೂತು ಬರೆದ ಕನ್ನಡದ ಹೆಸರು ಕಡಿಮೆ ಸಂಖ್ಯೆಯಲ್ಲಿದ್ದರೂ ಹೆಚ್ಚು ಬಾಳುತ್ತದೆ ಎಂಬುದು ನನ್ನ ಪಕ್ಷ.

ಅದೇ ಕಾಪುವಿನಲ್ಲಿ ಹುಡುಕಾಟದ ಪರೀಕ್ಷೆಯನ್ನೂ ಮಾಡಬಹುದು. ಅಲ್ಲಿ ಮಾರಿಗುಡಿ ಒಂದಲ್ಲ, ಹಳೆಯದು, ಹೊಸತು, ಮೂರನೆಯದು ಎಂದು ಮೂರು. ಸುಗ್ಗಿ ಮಾರಿಪೂಜೆಗೆ ಹೊರಟ ನೆಂಟರಿಗೆ ಬರೀ ‘ಮಾರಿಗುಡಿ’ ಎಂದು ಹೇಳಿ ಕಳಿಸಿದರೆ ಯಾವ ವ್ಯೂವರೂ ಕಾಪಾಡದು. ಮೂರನ್ನೂ ಬೇರೆಬೇರೆ ಹೆಸರಿನಲ್ಲಿ ಗುರುತಿಸಿದ್ದರೆ ಮಾತ್ರ ಹುಡುಕಾಟಕ್ಕೆ ಅರ್ಥ. ಇದು ಕಿಂಡಿಯ ಕೊರತೆಯಲ್ಲ, ಒಳಗೆ ದೀಪ ಹಚ್ಚದವರ ಕೊರತೆ. ವ್ಯೂವರ್ ವಿಮರ್ಶೆ ಬರೆಯುವವರು ಈ ಎರಡನ್ನು ಕಲಸಿಬಿಡುವುದು ಸಾಮಾನ್ಯ.

ದಾರಿ ತೋರಿಸುವುದರಲ್ಲಿ ವ್ಯೂವರುಗಳ ನಡುವಣ ವ್ಯತ್ಯಾಸ ಎದ್ದು ಕಾಣುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲಲ್ಲ, ಗದ್ದೆಯ ಬದುವಾದ ಕಟ್ಟಪುಣಿಯ ಮೇಲೆ. ಕಟಪಾಡಿ, ಶಿರ್ವ, ಹಿರಿಯಡ್ಕದ ಒಳಗಡೆ ಹೋದರೆ ಮನೆಯಿಂದ ಮನೆಗೆ ಹಾದಿ ಹೋಗುವುದು ಗದ್ದೆಯ ಅಂಚಿನಲ್ಲಿ. ತೋಡು ಅಡ್ಡ ಬಂದಲ್ಲಿ ಒಂದು ಕಾಲುಸಂಕ, ಕೆಲವೆಡೆ ಕಾಂಕ್ರೀಟಿನದು, ಕೆಲವೆಡೆ ಈಗಲೂ ಅಡಿಕೆ ಮರದ್ದು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕಾಲುಹಾದಿ, ಅದರ ಮೇಲೆ ಸೇತುವೆ, ಅಗಲ ಎಷ್ಟು, ನೆಲ ಯಾವುದು, ಯಾವ ಋತುವಿನಲ್ಲಿ ದಾಟಬಹುದು ಎಂದೆಲ್ಲ ದಾಖಲಿಸುವ ಏರ್ಪಾಡಿದೆ. ಆದರೆ ಇದನ್ನೆಲ್ಲ ಓದುವ ವ್ಯೂವರುಗಳು ಬೆರಳೆಣಿಕೆಯಷ್ಟು. ಓಸ್ಮ್‌ಆ್ಯಂಡ್ ಹಾದಿಯ ನೆಲವನ್ನು ಬಣ್ಣದಲ್ಲಿ ತೋರಿಸಬಲ್ಲದು. ಕೆಲವು ಸರಳ ವ್ಯೂವರುಗಳಿಗೆ ಡಾಂಬರು ರಸ್ತೆಯೂ ಕೆಂಪು ಮಣ್ಣಿನ ಜಾರುವ ಏರೂ ಒಂದೇ ಗೆರೆ. ಮೇಲೆ ಹೇಳಿದ, ವ್ಯೂವರ್ ಲೋಕವನ್ನು ಬದಲಿಸಕೂಡದು ಎಂಬ ನಿಯಮ ಇಲ್ಲಿ ನೆನಪಾಗುತ್ತದೆ. ಇರುವುದನ್ನು ತೋರಿಸದೆ ಬಿಡುವುದೂ ಬದಲಿಸಿದ ಹಾಗೆಯೇ. ಆಷಾಢದ ಮಳೆಯಲ್ಲಿ ತೋಡು ತುಂಬಿ ಕಾಲುಸಂಕದ ಮೇಲೆ ನೀರು ಹರಿಯುತ್ತಿರುವಾಗ ‘ನೇರ ಮುಂದಕ್ಕೆ ಸಾಗಿ’ ಎನ್ನುವ ಹೆಣ್ಣುದನಿ ಎಷ್ಟು ಮಧುರವಾಗಿದ್ದರೇನು.

ಸೈಕಲ್ಲಿನವರಿಗೆ ಇನ್ನೊಂದು ಮಾತು. ಉಡುಪಿಯಿಂದ ಮಣಿಪಾಲಕ್ಕೆ ಕಲ್ಸಂಕ, ಇಂದ್ರಾಳಿ ದಾಟಿ ಹೋಗುವುದು ಪೂರಾ ಏರು. ಬಿ-ರೌಟರ್ ಎಂಬ ಉಚಿತ ತಂತ್ರಾಂಶ ದೂರದ ಜತೆಗೆ ಏರನ್ನೂ ಲೆಕ್ಕಕ್ಕೆ ಹಿಡಿದು ದಾರಿ ಹಾಕುತ್ತದೆ, ಓಸ್ಮ್‌ಆ್ಯಂಡ್‌ನ ಬೆನ್ನಿಗೆ ಕಟ್ಟಿಕೊಂಡೂ ಬಳಸಬಹುದು. ಏರುತಗ್ಗಿನ ಅಳತೆ ಸಾಮಾನ್ಯವಾಗಿ ಬರುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಡಾರಿನಲ್ಲಿ ಅಳೆದ ಲೆಕ್ಕದಿಂದ. ಅದರ ಒಂದೊಂದು ಮನೆ ಸುಮಾರು 30 ಮೀಟರ್ ಅಗಲ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಅಂಥ ಒಂದು ಮನೆಯ ಮೂಲೆಯಲ್ಲಿ ಮುಳುಗಿಹೋಗುತ್ತಾನೆ, ಬೆಟ್ಟವೂ ಮೊಂಡಾಗಿ ಕಾಣುತ್ತದೆ. ಎದುರಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲಿರುವುದು ನೆಲದ ಮೇಲೆ ಎಷ್ಟೇ ಮುಖ್ಯವಾದರೂ ವ್ಯೂವರುಗಳಲ್ಲಿ ಅದೊಂದು ಚೌಕ.

ಬೀದಿಯ ಮಟ್ಟದಲ್ಲಿ ನಿಂತು ನೋಡುವ ಕಿಂಡಿಗಳ ಕತೆ ಭಾರತದಲ್ಲಿ ತಡವಾಗಿ ಶುರುವಾಯಿತು. ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು 2011ರಲ್ಲಿ ಬೆಂಗಳೂರಿಗಿಳಿದಾಗ ಪೊಲೀಸರು ಕೆಲವೇ ವಾರಗಳಲ್ಲಿ ನಿಲ್ಲಿಸಿದರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ, ಅಳತೆಯ ನಿಯಮಗಳನ್ನು ಸಡಿಲಿಸಿತು. ಆಮೇಲೆ 2022ರ ಜುಲೈಯಲ್ಲಿ ಜೆನೆಸಿಸ್ ಮತ್ತು ಟೆಕ್ ಮಹೀಂದ್ರದ ಜತೆಗೂಡಿ ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ ಸ್ಟ್ರೀಟ್ ವ್ಯೂ ಮರಳಿತು. ಆ ಹತ್ತರಲ್ಲಿ ಕರಾವಳಿಯ ನಮ್ಮ ಊರುಗಳಿಗೆ ಜಾಗವಿರಲಿಲ್ಲ. ಬೈಕಿಗೆ ಫೋನು ಕಟ್ಟಿಕೊಂಡು ತಾವೇ ಬೀದಿಯ ಚಿತ್ರ ಸೇರಿಸುವವರಿಗೆ ಮ್ಯಾಪಿಲರಿ ಇದೆ. ಅದನ್ನು 2020ರಲ್ಲಿ ಫೇಸ್‌ಬುಕ್ ಕೊಂಡ ಮೇಲೂ ಅದರ ಚಿತ್ರ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ವಿವರ ಸೇರಿಸಲು ಅವಕಾಶವಿದೆ.

ಕಡಲಿನವರಿಗೆ ಓಪನ್‌ಸೀಮ್ಯಾಪ್ ಎಂಬ ಬೇರೆಯೇ ವ್ಯೂವರ್. ಅದೇ ಮಾಹಿತಿ, ಆದರೆ ನೀರಿನಲ್ಲಿ ತೇಲುವ ಗುರುತಿನ ಬೊಯೆ, ದೀಪಸ್ತಂಭ, ಬಂದರುಗಳನ್ನು ಎತ್ತಿ ತೋರಿಸುವ ವೇಷ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದಂಥದ್ದಕ್ಕೆ ಎತ್ತರ ಮಾತ್ರವಲ್ಲ, ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಮಿಂಚುತ್ತದೆ ಎಂಬುದನ್ನೂ ದಾಖಲಿಸಬಹುದು. ಮಲ್ಪೆಯಿಂದ ಹೊರಡುವ ಬೋಟಿನವರು ಮಾತ್ರ ಇದನ್ನು ನಂಬಿ ಹೊರಡಕೂಡದು. ಇಂಥ ನಕ್ಷೆ ಕಡಲಯಾನದ ಅಧಿಕೃತ ಚಾರ್ಟಿಗೆ ಬದಲಿಯಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಸರ್ಕಾರದ ಕಿಂಡಿಗಳನ್ನೂ ಬಿಡುವಂತಿಲ್ಲ. ಇಸ್ರೋದ ಭುವನ್ 2009ರ ಆಗಸ್ಟಿನಲ್ಲಿ ಬಂದಾಗ ಪತ್ರಿಕೆಗಳು ಅದನ್ನು ಗೂಗಲ್ ಅರ್ಥ್‌ಗೆ ಉತ್ತರ ಎಂದು ಬರೆದವು. ಅದು ಆ ಜಾಗ ತುಂಬಲಿಲ್ಲ. ನೆರೆ, ಬೆಳೆ, ಕಾಡಿನ ಅಧ್ಯಯನಕ್ಕೆ ಒದಗುವ ತಾಣವಾಗಿ ಉಳಿಯಿತು. ಜನಸಾಮಾನ್ಯರ ಕೈಯಲ್ಲಿ ನಿಜವಾಗಿ ಓಡಾಡುತ್ತಿರುವುದು ಕರ್ನಾಟಕ ಕಂದಾಯ ಇಲಾಖೆಯ ದಿಶಾಂಕ್. ನಿಂತಲ್ಲಿ ಯಾವ ಸರ್ವೆ ನಂಬರು ಎಂದು ತೋರಿಸುವ ಈ ಆ್ಯಪ್ ಬಂದ ಮೇಲೆ ಜಾಗ ನೋಡಲು ಹೋಗುವ ಬ್ರೋಕರುಗಳ ಗತ್ತೇ ಬೇರೆಯಾಗಿದೆ. ಹಳೆಯ ಗ್ರಾಮನಕ್ಷೆಯ ಗೆರೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು, ಮೇಲಿಂದ ಫೋನಿನ ಜಿಪಿಎಸ್ ಕೆಲವು ಮೀಟರು ಅತ್ತಿತ್ತ. ಹತ್ತು ಸೆಂಟ್ಸಿನ ಸೈಟಿಗೆ ಆ ಕೆಲವು ಮೀಟರು ಬಹಳ ದೊಡ್ಡದು. ಸ್ವಂತ ಪಟ್ಟಾದ ವರ್ಗ ಜಾಗ ಎಲ್ಲಿ ಮುಗಿಯಿತು, ಅದರ ಅಂಚಿನ ಸರ್ಕಾರಿ ಕುಮ್ಕಿ ಎಲ್ಲಿಂದ ಎಂಬ ತಕರಾರನ್ನು ದಿಶಾಂಕ್ ತೋರಿಸಿ ಗೆಲ್ಲುತ್ತೇನೆ ಎನ್ನುವವರು ಸರ್ವೆಯರನ್ನು ಕರೆಸುವುದೇ ಲೇಸು. ಲೋಕವೂ ಸರ್ಕಾರದ್ದೇ, ಕಿಂಡಿಯೂ ಸರ್ಕಾರದ್ದೇ ಆದ್ದರಿಂದ ಇಲ್ಲಿ ಹೊರಗಿನವರ ವ್ಯೂವರ್ ಎಂಬ ಪ್ರಶ್ನೆ ಹುಟ್ಟಿಯೇ ಇಲ್ಲ. ಹುಟ್ಟಿದರೆ ಒಳ್ಳೆಯದು.

ಹಾಗಾದರೆ ಯಾವುದನ್ನು ಹಾಕಿಕೊಳ್ಳುವುದು? ದಿನನಿತ್ಯ ಕಾರಿನಲ್ಲಿ ಓಡಾಡುತ್ತ ಎದುರು ಟ್ರಾಫಿಕ್ ಇದೆಯೇ, ಅಂಗಡಿ ತೆರೆದಿದೆಯೇ ಎಂದು ತಿಳಿಯಬೇಕಾದವರು ಗೂಗಲ್ ಬಿಡಲಾರರು, ಬಿಡಬೇಕಾಗಿಯೂ ಇಲ್ಲ. ಎರಡನೆಯದಾಗಿ ಒಂದನ್ನು ಇಟ್ಟುಕೊಳ್ಳುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಕೋಮ್ಯಾಪ್ಸ್ ಸಾಕು. ಘಟ್ಟ ಹತ್ತುವವರು, ಹಾದಿಯ ನೆಲ ನೋಡಿ ಹೊರಡುವವರು ಓಸ್ಮ್‌ಆ್ಯಂಡ್‌ನ ಗೋಜಲನ್ನು ಸಹಿಸಿಕೊಳ್ಳಲಿ. ಜಾಲತಾಣಕ್ಕೆ ನಕ್ಷೆ ಬೇಕಾದ ದೇವಸ್ಥಾನ, ಪಂಚಾಯತಿ, ಶಾಲೆಯವರು ಮಾತ್ರ ಕನ್ನಡದ ಒತ್ತಕ್ಷರ ಪರೀಕ್ಷಿಸದೆ ಯಾವುದನ್ನೂ ಒಪ್ಪಿಕೊಳ್ಳಬಾರದು.

ಇವುಗಳ ಜತೆಗೆ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಇರಲಿ ಎಂದು ನನ್ನ ಶಿಫಾರಸು. ಇದು ನೋಡುವುದಕ್ಕಲ್ಲ, ಓಪನ್‌ಸ್ಟ್ರೀಟ್‌ಮ್ಯಾಪಿಗೆ ಮಾಹಿತಿ ತುಂಬುವುದಕ್ಕೆ. ನಡೆಯುತ್ತ ಹೋದ ಹಾಗೆ ಈ ರಸ್ತೆಗೆ ಡಾಂಬರು ಹಾಕಿದ್ದಾರೆಯೇ, ಈ ಬೀದಿಯ ಹೆಸರೇನು, ಈ ಬಸ್‌ಸ್ಟಾಪಿಗೆ ಮಾಡು ಇದೆಯೇ ಎಂದು ಒಂದೊಂದೇ ಪ್ರಶ್ನೆ ಕೇಳುತ್ತದೆ. ಗುರುತು ಇಲ್ಲದ ಅಂಗಡಿ, ಗುಡಿಗಳಿಗೆ ಎವ್ರಿ ಡೋರ್ ಎಂಬ ಆ್ಯಪ್ ವಾಸಿ. ಕನ್ನಡದಲ್ಲಿ ‘ಹೊಸ ಮಾರಿಗುಡಿ’ ಎಂದು ಇವತ್ತು ಬರೆದರೆ ಓಪನ್‌ಸ್ಟ್ರೀಟ್‌ಮ್ಯಾಪಿನ ದತ್ತಾಂಶಕ್ಕೆ ಆ ಕ್ಷಣವೇ ಸೇರುತ್ತದೆ. ಓಸ್ಮ್‌ಆ್ಯಂಡ್‌ನಲ್ಲಿ ಗಂಟೆಗಂಟೆಯ ಬದಲಾವಣೆ ತರಿಸಿಕೊಳ್ಳುವವರಿಗೆ ಬೇಗ ಕಾಣುತ್ತದೆ, ಉಳಿದವರಿಗೆ ತಿಂಗಳ ನಕ್ಷೆ ಬಂದಾಗ. ಆರ್ಗ್ಯಾನಿಕ್ ಮ್ಯಾಪ್ಸ್, ಕೋಮ್ಯಾಪ್ಸ್‌ಗಳಲ್ಲಿ ಮುಂದಿನ ಸಲ ನಕ್ಷೆ ಇಳಿಸಿಕೊಳ್ಳುವವರೆಗೆ ಕಾಯಬೇಕು.